ದಾಸವಾಳ ತಿನ್ನುವ ಆಮೆಮರಿ

ನನ್ನ ತಮ್ಮ ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ. ಪ್ರಾಣಿಗೀಣಿ ಇಟ್ಟುಕೊಳ್ಳುವ ಹಾಗಿಲ್ಲ ಎಂದು ಮನೆ ಮಾಲೀಕರು ಗದರಿದ್ದೇ, ಭಾನುವಾರ ಬೆಳಿಗ್ಗೆ ಶೂ ಡಬ್ಬಿಯೊಂದನ್ನು ಹಿಡಿದುಕೊಂಡು ಮಲ್ಲೇಶ್ವರದ ನಮ್ಮ ಮನೆಗೆ ಬಂದ. ಒಳಗೆ ಅಂಗೈಯಷ್ಟು ಆಮೆಮರಿ.

"ಅಕ್ಕ, ಇದು ನೆಲದ ಮೇಲಿರೋ ಆಮೆ, ನಮ್ಮ ದೇಶದ ಜಾತಿ ಅಲ್ಲ, ಸಾಕ್ಬಹುದು. ಪರ್ಮಿಷನ್ ಎಲ್ಲಾ ಆಗಿದೆ," ಎಂದ. ಅವನ ಮಾತು ಮುಗಿಯುವ ಮೊದಲೇ ನಮ್ಮತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು.

"ಆಮೆ ಮನೆಯೊಳಗೆ ಬರಬಾರದಪ್ಪ. ಬೇಕಾದ್ರೆ ಹಿತ್ತಲಲ್ಲಿ ಇರ್ಲಿ. ಹೊಸ್ತಿಲು ಮಾತ್ರ ದಾಟಿಸ್ಬೇಡಿ."

ಮಹಡಿಯ ಮೇಲೆ ಬಿದ್ದಿದ್ದ ಮೀನಿನ ಗಾಜಿನ ತೊಟ್ಟಿಯನ್ನು ತೊಳೆದು, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಟ್ಟೆ. ಮರಿ ಇಡೀ ದಿನ ಗಾಜಿಗೆ ಮೂತಿ ಗುದ್ದುತ್ತ ಅದೇ ಮೂಲೆಯಲ್ಲಿ ಕಾಲು ಬಡಿಯುತ್ತಿತ್ತು. ಟೊಮೆಟೊ ಹಾಕಿದೆ, ಆಸೆಯಿಂದ ತಿಂದಿತು. ಮಾರನೆಯ ದಿನ ಹೊಟ್ಟೆ ಕೆಟ್ಟಿತು. ಗಾಬರಿಯಾಗಿ ಡಾಕ್ಟರ್ ಹತ್ತಿರ ಎತ್ತಿಕೊಂಡು ಹೋದೆ.

"ಗಾಜು ಗೋಡೆ ಅಂತ ಅದಕ್ಕೆ ಗೊತ್ತಾಗಲ್ಲ ಮೇಡಂ. ಆ ಕಡೆ ಹೋಗ್ಬಹುದು ಅಂದ್ಕೊಂಡು ಗುದ್ದುತ್ತೆ," ಎಂದರು ಡಾಕ್ಟರ್. ಆಚೆ ಕಾಣದಂಥ ಅಗಲವಾದ ಟಬ್ಬು, ಅದರೊಳಗೆ ಮಣ್ಣು, ಒಂದು ಕಡೆ ಬಿಸಿಲು, ಇನ್ನೊಂದು ಕಡೆ ನೆರಳು, ತಟ್ಟೆಯಲ್ಲಿ ಸ್ವಲ್ಪವೇ ನೀರು. ತಿನ್ನಲು ಹುಲ್ಲು, ಸೊಪ್ಪು, ದಾಸವಾಳ. ಹಣ್ಣು, ಅನ್ನ, ಹಾಲು ಕೂಡದು.

ಎಲ್ಲವನ್ನೂ ಹಾಗೇ ಮಾಡಿದೆ. ಆದರೆ ಹೊಸ ಟಬ್ಬಿಗೆ ಬಂದ ಮರಿ ತಲೆಯನ್ನೇ ಹೊರಗೆ ಹಾಕಲಿಲ್ಲ. ಹುಲ್ಲು ಬಾಡಿತು, ಸೊಪ್ಪು ಒಣಗಿತು. ದಾಸವಾಳ ಕೀಳಲು ಹೋದರೆ ಅತ್ತೆ ತಡೆದರು. "ಅದು ದೇವರಿಗೆ ಕಣಮ್ಮ."

ಎರಡು ದಿನ ಕಳೆದರೂ ಅದು ಬಾಯಿ ತೆರೆಯಲಿಲ್ಲ. ಏನಾದರೂ ಆಗಿಬಿಟ್ಟರೆ ತಮ್ಮನಿಗೆ ಏನು ಹೇಳುವುದು ಎಂದು ಗಂಟೆಗೊಮ್ಮೆ ಹೋಗಿ ನೋಡಿ ಬರುತ್ತಿದ್ದೆ. ಮೂರನೆಯ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದರೆ, ಅತ್ತೆ ಸೆರಗು ಸಿಕ್ಕಿಸಿಕೊಂಡು ಟಬ್ಬಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಇನ್ನೂ ಪೂಜೆಯಾಗಿರಲಿಲ್ಲ. ಕೈಯಲ್ಲಿ ಆಗಷ್ಟೇ ಕಿತ್ತ ಕೆಂಪು ದಾಸವಾಳ.

"ತಿನ್ನು, ತಿನ್ನು. ಯಾರೂ ಏನೂ ಅನ್ನಲ್ಲ."

ಸುಕ್ಕಾದ ಕತ್ತು ಮೆಲ್ಲಗೆ ಹೊರಬಂತು. ಒಂದು ಎಸಳನ್ನು ಕಚ್ಚಿ, ಮುಂಗಾಲಿನಿಂದ ಒತ್ತಿ ಹರಿಯಿತು. ಬಾಯಿ ಸುತ್ತ ಕೆಂಪು. ಅತ್ತೆ ನನ್ನತ್ತ ತಿರುಗಿ, "ಹಸಿದಿತ್ತು ಪಾಪ," ಎಂದರು, ಅಷ್ಟು ದಿನ ಹಸಿವಿನಲ್ಲಿಟ್ಟವಳು ನಾನೇ ಎಂಬಂತೆ. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಅಲ್ಲಿಂದ ಮುಂದೆ ಊಟ ಹಾಕುವ ಕೆಲಸ ಅವರದೇ ಆಯಿತು. ಬಿಸಿಲಿಗೆ ಬಿಟ್ಟಾಗ ಕಾಗೆ ಕುಕ್ಕದಂತೆ ಕೋಲು ಹಿಡಿದು ಕಾಯುತ್ತಿದ್ದರು. ಒಂದು ಮಧ್ಯಾಹ್ನ ಮರಿ ಕಾಣೆಯಾಯಿತು. ಚರಂಡಿ, ಬಕೆಟ್ಟು, ಕುಂಡಗಳ ಸಂದಿ ಎಲ್ಲ ಹುಡುಕಿದೆವು. ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಕೊನೆಗೆ ದಾಸವಾಳದ ಗಿಡದ ಬುಡದಲ್ಲಿ ಮಣ್ಣು ಅಲುಗಾಡಿದ್ದನ್ನು ಅವರೇ ಕಂಡರು. ಸೆಖೆಗೆ ಗುಂಡಿ ತೋಡಿಕೊಂಡು ಒಳಗೆ ಮಲಗಿತ್ತು.

"ಬಾರಿಸ್ಬೇಕು ನಿನಗೆ," ಎನ್ನುತ್ತಲೇ ಅದರ ಬೆನ್ನಿನ ಮಣ್ಣನ್ನು ಸೆರಗಿನಿಂದ ಒರೆಸಿದರು.

ಮೂರು ವರ್ಷ ಕಳೆದು ಈಗ ಅದು ಊಟದ ತಟ್ಟೆಯಷ್ಟಾಗಿದೆ, ಟಬ್ಬು ಸಾಲದು. ಮುಂದೆ ಇನ್ನೂ ಬಹಳ ದೊಡ್ಡದಾಗುತ್ತದಂತೆ. ಹೋದ ವಾರ ಗಾರೆಯವರನ್ನು ಕರೆಸಿ ಹಿತ್ತಲಿನ ಅರ್ಧಕ್ಕೆ ಮೊಣಕಾಲುದ್ದದ ಇಟ್ಟಿಗೆ ಗೋಡೆ ಕಟ್ಟಿಸಿದೆವು. ಅತ್ತೆ ಕುರ್ಚಿ ಹಾಕಿಕೊಂಡು ಎದುರಿಗೇ ಕೂತಿದ್ದರು. "ಅಲ್ಲಿ ಸ್ವಲ್ಪ ನೆರಳು ಬಿಡಪ್ಪ, ಮಧ್ಯಾಹ್ನ ಮಲಗುತ್ತೆ," ಎಂದು ಗಾರೆಯವನಿಗೆ ಹೇಳುತ್ತಿದ್ದರು.