ಎರಡೇ ತಿಂಗಳಿಗೆ ಒಣಗಿದ ಕಾಯಿ

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಹುಣಸೆಮರದ ಕೆಳಗೆ ಯಾರೋ ನಿಂತಿದ್ದರು, ಬಾವಿಯೊಳಗಿಂದ ಯಾರೋ ಕರೆದರು ಎಂದು ಕೊಬ್ಬರಿ ಬಿಡಿಸಲು ಬರುವ ಹೆಂಗಸರು ಹೇಳಿಕೊಳ್ಳುವಾಗ, "ಕೆಲಸ ತಪ್ಪಿಸ್ಕೊಳ್ಳಕ್ಕೆ ನಿಮಗೊಂದು ದೆವ್ವ ಬೇಕು ಕಣ್ರೇ" ಎಂದು ನಗುತ್ತಿದ್ದವಳು ನಾನು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟೆ. ನನಗೆ ಸರಿಯಾಗಿ ಗೊತ್ತಿರುವುದು ಒಂದೇ, ತೆಂಗಿನಕಾಯಿ. ಆ ಒಂದರಲ್ಲೇ ನನ್ನ ತಿಳಿವಳಿಕೆ ಕೈಕೊಟ್ಟಿತು. ಅದನ್ನು ಬರೆಯಬೇಕೆಂದರೆ ನಾನು ಮಾಡಿದ ತಪ್ಪನ್ನೂ ಬರೆಯಬೇಕು. ಮುಚ್ಚಿಟ್ಟರೆ ಕಥೆ ಅರ್ಥವಾಗುವುದಿಲ್ಲ.

ನಮ್ಮದು ಹಾಲ್ಕುರಿಕೆ ಕಡೆಯ ಹಳ್ಳಿ. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ತೀರಿಕೊಂಡು ನಾನು ತೌರಿಗೆ ವಾಪಸು ಬಂದೆ. ಆಮೇಲೆ ಅಪ್ಪ ಅವ್ವನೂ ಹೋದರು. ಉಳಿದದ್ದು ನಾನು, ನನ್ನ ತಮ್ಮ ಶಿವು. ಅವನನ್ನು ನಾನೇ ಸಾಕಿದೆ. ದೊಡ್ಡವನಾದ ಮೇಲೆ ಕಿಬ್ಬನಹಳ್ಳಿ ರಸ್ತೆಯ ತೆಂಗಿನ ನಾರಿನ ಕಾರ್ಖಾನೆಯಲ್ಲಿ ಮಿಷನ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ.

ಆ ಕಾರ್ಖಾನೆಗೆ ಶ್ರೀಲಂಕಾದಿಂದ ಒಂದು ಹೊಸ ಮಿಷನ್ ಬಂತು. ಅದರಲ್ಲಿ ನಾರಿನ ಚಾಪೆ ನೇಯುವುದನ್ನು ಕಲಿಸಲು ಒಬ್ಬ ಹುಡುಗಿಯೂ ಬಂದಳು. ಹೆಸರು ನಿಲ್ಮಿನಿ. ಅವಳ ಊರೂ ತೆಂಗಿನ ಸೀಮೆಯೇ. ಶಿವು ಅವಳನ್ನು ಮೊದಲ ಸಲ ಮನೆಗೆ ಕರೆತಂದ ದಿನ ಅವಳು ಬಾಗಿಲಲ್ಲೇ ಕೈಮುಗಿದು, "ಊಟ ಆಯ್ತೇನ್ಲಾ ಅಕ್ಕಾ?" ಎಂದಳು. ಕಾರ್ಖಾನೆಯ ಗಂಡುಹುಡುಗರಿಂದ ಕಲಿತ ಕನ್ನಡ! ನಾನು ನಕ್ಕು ನಕ್ಕು ಕಂಬ ಹಿಡಿದುಕೊಂಡೆ. ಶಿವು ಮಾತ್ರ ಕೆಂಪಗಾಗಿ ನಿಂತಿದ್ದ. ಆಗಲೇ ನನಗೆ ಅರ್ಥವಾಯಿತು.

ಅವಳು ತಲೆಯೆತ್ತಿ ನಮ್ಮ ಅಟ್ಟ ನೋಡಿ ಇದೇನೆಂದು ಕೇಳಿದಳು. ನಮ್ಮ ಕಡೆ ಬಲಿತ ಕಾಯನ್ನು ಮೇಲಿನ ನಾರಿನ ಮಟ್ಟೆ ಸುಲಿಯದೆ ಅಟ್ಟದ ಮೇಲೆ ಪೇರಿಸಿ ಬಿಟ್ಟುಬಿಡುತ್ತೇವೆ. ಹತ್ತು ಹನ್ನೊಂದು ತಿಂಗಳು ಯಾರೂ ಮುಟ್ಟುವುದಿಲ್ಲ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ ಒಳಗೇ ಉರುಳಾಡುತ್ತದೆ. ಅಲ್ಲಾಡಿಸಿದರೆ ಲೊಟ್ ಲೊಟ್ ಎಂದು ಸದ್ದು ಬಂದರೆ ಮಾತ್ರ ಇಳಿಸುತ್ತೇವೆ. ಇದನ್ನೆಲ್ಲ ಹೇಳಿದರೆ ಅವಳು ಬಾಯಿ ತೆರೆದಳು.

"ಒಂದು ವರ್ಷಾನಾ ಅಕ್ಕಾ? ನಮ್ಮೂರಲ್ಲಿ ಒಡೆದು ಹೊಗೆ ಹಾಕ್ತಾರೆ. ಒಂದು ವಾರ, ಮುಗೀತು!"

"ಹೊಗೆ ವಾಸ್ನೆ ಕೊಬ್ರಿ ನೀವೇ ತಿನ್ರವ್ವ" ಎಂದೆ.

ತಿಪಟೂರಿನಲ್ಲಿ ಅವರ ಮದುವೆ ನೋಂದಣಿಯಾಯಿತು. ಅದಕ್ಕೇ ಎಷ್ಟು ಓಡಾಟ! ಅವಳಿಗೆ ಮೊದಲು ಮದುವೆಯಾಗಿಲ್ಲವೆಂದು ಅವಳ ದೇಶದಿಂದ ಕಾಗದ ಬೇಕು, ಅದಕ್ಕೆ ಮುದ್ರೆ ಬೇಕು, ಆ ಮುದ್ರೆಗೆ ಇನ್ನೊಂದು ಮುದ್ರೆ ಬೇಕು. ನೋಟೀಸು ಹಾಕಿ ಒಂದು ತಿಂಗಳು ಕಾಯಬೇಕು. ಎಲ್ಲ ಮುಗಿಸಿ ಹಾರ ಹಾಕಿಕೊಂಡು ಬಂದ ದಿನ ಇಡೀ ಕಾರ್ಖಾನೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿತ್ತು. ಅವಳು ಮುದ್ದೆಯನ್ನು ನುಂಗಲಾರದೆ ಚಪ್ಪರಿಸಿ ಅಗಿಯುತ್ತಿದ್ದುದನ್ನು ನೋಡಲು ಕಿಟಕಿ ತುಂಬ ಜನ.

ಆದರೆ ಅವಳ ವೀಸಾ ಕೆಲಸದ್ದು. ಕಲಿಸುವ ಕೆಲಸ ಮುಗಿದ ಮೇಲೆ ಇಲ್ಲಿರುವಂತಿಲ್ಲ. ಊರಿಗೆ ಹೋಗಿ, ಹೆಂಡತಿ ಎಂದು ಹೊಸದಾಗಿ ಅರ್ಜಿ ಹಾಕಿ ಬರಬೇಕಂತೆ. ಮದುವೆಯಾದ ಇಪ್ಪತ್ತನೇ ದಿನ ಹೊರಟುಹೋದಳು. ನಾಲ್ಕು ತಿಂಗಳಾದರೂ ಅರ್ಜಿ ಕದಲಲಿಲ್ಲ. ಈ ಮದುವೆ ನಿಜವೋ, ಬರೀ ಕಾಗದದ್ದೋ ಎಂದು ವಿಚಾರಣೆಗೆ ಕರೆಯುತ್ತಾರೆ, ರಿಜಿಸ್ಟರ್ ಪೋಸ್ಟಿನಲ್ಲಿ ಉದ್ದನೆಯ ಕವರು ಬರುತ್ತದೆ ಎಂದು ಶಿವು ಹೇಳಿದ್ದ. ಅದೊಂದು ಬಂದರೆ ಅವಳು ಬಂದಂತೆಯೇ. ಸಂಜೆ ಚಪ್ಪಲಿ ಬಿಡುವ ಮೊದಲೇ, "ಪೋಸ್ಟ್ ಏನಾದ್ರೂ ಬಂತಾ ಅಕ್ಕಯ್ಯ?" ಎನ್ನುತ್ತಿದ್ದ.

ಆ ದಿನಗಳಲ್ಲೇ ಪಕ್ಕದ ಮನೆಯ ಪುಟ್ಟಗೌರಮ್ಮ ನೀರಿಗೆ ಬಂದವಳು ಒಂದು ಮಾತು ಹೇಳಿದಳು. "ನಿನ್ ತಮ್ಮನ ಹೆಂಡ್ತಿ ವಿಮಾನದಾಗೆ ಬತ್ತಾಳೆ ಬುಡು. ಅವಳು ಬಂದಮ್ಯಾಕೆ ನೀನ್ಯಾವ ಬಸ್ ಹತ್ತೀಯೇ?"

ತಮಾಷೆಗೇ ಹೇಳಿದ್ದು. ನಾನೂ ನಕ್ಕೆ. ಆದರೆ ಆ ಮಾತು ಒಳಗೆ ಕೂತಿತು. ನಿಲ್ಮಿನಿ ನನಗೆ ಒಂದು ಕೆಟ್ಟ ಮಾತು ಆಡಿದವಳಲ್ಲ. ಅವಳನ್ನು ಕಂಡರೆ ನನಗೆ ಇಷ್ಟವೇ. ಹಾಗಿದ್ದೂ, ಈ ಒಲೆಯ ಮುಂದೆ ಇನ್ನೊಬ್ಬಳು ಕೂತರೆ ನಾನು ಎಲ್ಲಿ ಕೂರುವುದು ಎಂಬುದೊಂದೇ ಯೋಚನೆ. ವಾರ ಕಳೆದ ಮೇಲೆ ಕವರು ಬಂತು. ಶಿವು ಕೆಲಸಕ್ಕೆ ಹೋಗಿದ್ದ. ನಾನೇ ಸಹಿ ಮಾಡಿ ತೆಗೆದುಕೊಂಡೆ. ಒಡೆಯಲಿಲ್ಲ. ಏಣಿ ಹತ್ತಿ, ಅಟ್ಟದ ಮೂಲೆಯಲ್ಲಿ ಕಾಯಿಗಳ ನಡುವೆ ಇಟ್ಟುಬಿಟ್ಟೆ.

ಅಟ್ಟಕ್ಕೆ ಕಾಯಿ ಏರಿಸಿ ಆಗ ಒಂದೂವರೆ ತಿಂಗಳಾಗಿತ್ತು. ಇನ್ನು ಒಂಬತ್ತು ತಿಂಗಳು ಅಲ್ಲಿಗೆ ಯಾರ ಕೈಯೂ ಹೋಗುವುದಿಲ್ಲ, ಇಳಿಸುವ ಹೊತ್ತಿಗೆ ಎಲ್ಲ ತಣ್ಣಗಾಗಿರುತ್ತದೆ ಎಂದು ಲೆಕ್ಕ ಹಾಕಿದೆ. ಜಾಗದ ಗುರುತಿಗೆಂದು ಬಚ್ಚಲ ಪಕ್ಕದ ಮರದ ಕಾಯೊಂದನ್ನು ಕವರಿನ ಮೇಲಿಟ್ಟೆ. ಆ ಮರದ ಕಾಯಿ ಉದ್ದಕ್ಕೆ, ಒಂದು ಪಕ್ಕ ಸೊಟ್ಟಗೆ ಇರುತ್ತದೆ. ಇಡುವಾಗ ರೂಢಿಯಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ನೀರು ಕುಳುಕ್ ಎಂದಿತು. ಇದು ನನಗೆ ಚೆನ್ನಾಗಿ ನೆನಪಿದೆ.

ಆಮೇಲೆ ದಿನಾ ಸಂಜೆ ಅವನು ಕೇಳುತ್ತಿದ್ದ, ನಾನು ಇಲ್ಲ ಎನ್ನುತ್ತಿದ್ದೆ. ರಾತ್ರಿ ಊಟವಾದ ಮೇಲೆ ನಿಲ್ಮಿನಿ ಫೋನಿನಲ್ಲಿ ಮುಖ ತೋರಿಸುತ್ತಿದ್ದಳು. "ಅಕ್ಕಾ, ನಾನು ಇಲ್ಲಿ ಮುದ್ದೆ ಮಾಡಿದೆ. ನಮ್ಮ ಅಮ್ಮ ಗೋಡೆಗೆ ಹಚ್ಚುವ ಮಣ್ಣಾ ಅಂತ ಕೇಳಿದಳು!" ನಾನು ನಗುತ್ತಿದ್ದೆ. ಫೋನು ಇಟ್ಟಮೇಲೆ ನಿದ್ದೆ ಹತ್ತುತ್ತಿರಲಿಲ್ಲ.

ಕವರು ಇಟ್ಟ ಇಪ್ಪತ್ತನೇ ದಿನ, ನಡುಮಧ್ಯಾಹ್ನ. ಮನೆಯಲ್ಲಿ ನಾನೊಬ್ಬಳೇ. ಅಟ್ಟದ ಕೆಳಗೆ ಮೊರ ಇಟ್ಟುಕೊಂಡು ಹುರುಳಿಕಾಳು ಆರಿಸುತ್ತಿದ್ದೆ. ಹೊರಗೆ ಬಿಸಿಲು, ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಮೇಲಿಂದ ಸದ್ದು ಬಂತು. ಲೊಟ್. ಸ್ವಲ್ಪ ತಡೆದು ಮತ್ತೆ, ಲೊಟ್, ಲೊಟ್.

ನೀರಿರುವ ಕಾಯಿಯ ಸದ್ದು ಬೇರೆ, ಒಣಗಿದ ಕೊಬ್ಬರಿ ಚಿಪ್ಪಿಗೆ ಬಡಿಯುವ ಸದ್ದು ಬೇರೆ. ನಮ್ಮ ಕಡೆ ಎಳೆಮಕ್ಕಳಿಗೂ ಇದು ಗೊತ್ತು. ಅಟ್ಟದಲ್ಲಿದ್ದದ್ದೆಲ್ಲ ಎರಡು ತಿಂಗಳ ಕಾಯಿ. ಅಲ್ಲಿ ಆ ಸದ್ದು ಬರುವಂತೆಯೇ ಇಲ್ಲ. ಇಲಿ ಎಂದುಕೊಂಡೆ. ಆದರೆ ಮಟ್ಟೆ ಸುಲಿಯದ ಕಾಯನ್ನು ಅಲ್ಲಾಡಿಸುವ ಇಲಿಯನ್ನು ನಾನು ಕಂಡಿಲ್ಲ. ಬೆಕ್ಕು ಹೊಸ್ತಿಲ ಮೇಲೆ ನಿದ್ದೆ ಮಾಡುತ್ತಿತ್ತು, ಕಿವಿಯನ್ನೂ ಎತ್ತಲಿಲ್ಲ. ಸದ್ದು ಮಾತ್ರ ನಿಲ್ಲಲಿಲ್ಲ. ಯಾರೋ ಕಾಯನ್ನು ಕಿವಿಗೆ ಹಿಡಿದು ನಿಧಾನವಾಗಿ ಪರೀಕ್ಷೆ ಮಾಡುತ್ತಿರುವ ಹಾಗೆ.

ನನಗೆ ಹೆದರಿಕೆಯಾಗಲಿಲ್ಲ ಎಂದರೆ ನಂಬುತ್ತೀರೋ ಇಲ್ಲವೋ. ಸಿಕ್ಕಿಬಿದ್ದೆ ಎಂದು ಅನಿಸಿತು, ಅಷ್ಟೆ. ಏಣಿ ಹತ್ತಿದೆ. ಕೊನೆಯ ಮೆಟ್ಟಿಲಿಗೆ ಕಾಲಿಟ್ಟಾಗ ಸದ್ದು ನಿಂತಿತು. ಕಾಯಿಗಳ ಮೇಲಿನ ದೂಳು ಕೂಡ ಕದಲಿರಲಿಲ್ಲ. ಕೈಗೆ ಸಿಕ್ಕ ಹತ್ತು ಹನ್ನೆರಡು ಕಾಯನ್ನು ಅಲ್ಲಾಡಿಸಿದೆ. ಎಲ್ಲದರಲ್ಲೂ ನೀರು. ಕೊನೆಗೆ ಕವರಿನ ಮೇಲಿದ್ದ ಸೊಟ್ಟ ಕಾಯನ್ನು ಎತ್ತಿದೆ. ಎತ್ತುವಾಗಲೇ ಹಗುರ. ಅಲ್ಲಾಡಿಸಿದೆ. ಲೊಟ್ ಎಂದಿತು.

ಕವರಿನ ಜೊತೆ ಅದನ್ನೂ ಕೆಳಗೆ ತಂದು ಸುಲಿದು ಒಡೆದೆ. ಒಳಗೆ ಒಂದು ತೊಟ್ಟು ನೀರಿಲ್ಲ. ದುಂಡಗೆ, ಗಟ್ಟಿಯಾಗಿ, ಬೆಳ್ಳಗಿನ ಕೊಬ್ಬರಿ. ಹನ್ನೊಂದು ತಿಂಗಳ ಸರಕು ಹೇಗಿರುತ್ತದೋ ಹಾಗೆಯೇ ಇತ್ತು. ಅದನ್ನು ದೇವರ ಗೂಡಿನಲ್ಲಿಟ್ಟು, ಕವರನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸಿಗೆ ಓಡಿದೆ. ಕಾಲಿಗೆ ಚಪ್ಪಲಿಯಿಲ್ಲವೆಂದು ತಿಳಿದದ್ದು ಬಸ್ ಹತ್ತಿದ ಮೇಲೆ.

ಶಿವು ತಲೆಯೆಲ್ಲ ನಾರಿನ ದೂಳು ಮಾಡಿಕೊಂಡು ಮಿಷನ್ ಹತ್ತಿರ ನಿಂತಿದ್ದ. "ಬಂತು ಕಣಪ್ಪ" ಎಂದು ಕೊಟ್ಟೆ. ಯಾವಾಗ ಬಂತೆಂದು ಹೇಳಲಿಲ್ಲ. ಅವನೂ ಕೇಳಲಿಲ್ಲ. ಓದಿ ಜೋರಾಗಿ ನಕ್ಕ.

"ಇನ್ನೂ ಒಂದು ವಾರ ಟೈಮ್ ಐತೆ. ನಾನೊಬ್ಬನೇ ಹೋದ್ರೆ ಆಗಲ್ವಂತೆ. ಮನೆ ಹಿರಿಯರು ಬಂದು ಹೇಳ್ಬೇಕಂತೆ. ಹಿರಿಯರು ಅಂದ್ರೆ ನೀನೇ ಕಣಕ್ಕಯ್ಯ!"

ಯಾವ ಕಾಗದ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತದೆಂದು ಬಚ್ಚಿಟ್ಟಿದ್ದೆನೋ, ಅದು ನನ್ನನ್ನೇ ಕರೆದಿತ್ತು. ಅಲ್ಲೇ ನಾರಿನ ರಾಶಿಯ ಮೇಲೆ ಕೂತು ಅತ್ತುಬಿಟ್ಟೆ. ಸುತ್ತ ಇದ್ದವರು ಖುಷಿಗೆ ಅಳುತ್ತಿದ್ದಾಳೆ ಎಂದುಕೊಂಡರು. ಅದೂ ಸುಳ್ಳಲ್ಲ.

ತುಮಕೂರಿನಲ್ಲಿ ವಿಚಾರಣೆ. ಅಧಿಕಾರಿ ಶಿವುವನ್ನು ಹೊರಗೆ ಕಳಿಸಿ ನನ್ನೊಬ್ಬಳನ್ನೇ ಕೂರಿಸಿ, ಆ ಹುಡುಗಿಯ ಬಗ್ಗೆ ಏನು ಗೊತ್ತು ಎಂದರು. ನಾನು ಶುರು ಮಾಡಿದೆ. ಮುದ್ದೆ ಅಗಿಯುವುದು, ಹುರುಳಿಕಾಳಿನ ಸಾರಿಗೆ ತೆಂಗಿನ ಹಾಲು ಹಾಕುವುದು, ಎಮ್ಮೆಗೆ ಹೆದರಿದರೂ ಹಸುವನ್ನು ಮುದ್ದು ಮಾಡುವುದು, ನಿದ್ದೆಯಲ್ಲಿ ಅವಳ ಭಾಷೆಯಲ್ಲಿ ಎಣಿಸುವುದು. ನಿಲ್ಲಿಸಲೇ ಇಲ್ಲ. ಅವರು ಪೆನ್ನು ಕೆಳಗಿಟ್ಟು, "ಸಾಕು ಬಿಡಿ ತಾಯಿ, ಕಾಗದದ ಮದುವೆಗೆ ಇಷ್ಟೆಲ್ಲ ಹೇಳೋಕಾಗಲ್ಲ" ಎಂದರು.

ಮುಂದಿನ ತಿಂಗಳು ವೀಸಾ ಬಂತು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಕಾರ್ಖಾನೆಯ ಹೆಂಗಸರ ಜೊತೆ ನಾನೂ ಹೋಗಿ ನಿಂತಿದ್ದೆ. ಬಸ್ಸಿನಿಂದ ಇಳಿದವಳು ಗಂಡನ ಕೈಗೆ ಚೀಲ ತುರುಕಿ, ಅಷ್ಟು ಅಂಗಡಿಯವರು ನೋಡುತ್ತಿರುವಾಗಲೇ ನನ್ನನ್ನು ತಬ್ಬಿ ಎತ್ತಿ ಒಂದು ಸುತ್ತು ತಿರುಗಿಸಿದಳು. ಪುಟ್ಟಗೌರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಅವಳು ಬಂದ ಮೂರನೇ ದಿನ ಇಬ್ಬರನ್ನೂ ಕೂರಿಸಿಕೊಂಡು ಎಲ್ಲ ಹೇಳಿಬಿಟ್ಟೆ. ನಿಲ್ಮಿನಿ ಎದ್ದು ಗೂಡಿನಲ್ಲಿದ್ದ ಕೊಬ್ಬರಿಯನ್ನು ತಂದಳು. ತಿರುಗಿಸಿ ನೋಡಿದಳು, ಮೂಸಿದಳು, ಉಗುರಿನಿಂದ ಕೆರೆದಳು. ಅವಳೂ ತೆಂಗಿನಲ್ಲೇ ಹುಟ್ಟಿ ಬೆಳೆದವಳು. "ಇದಕ್ಕೆ ಹೊಗೆ ಹಾಕಿಲ್ಲ ಅಕ್ಕಾ. ಎರಡು ತಿಂಗಳಲ್ಲಿ ಹೀಗೆ ಆಗಲ್ಲ" ಎಂದಳು. ನನ್ನ ತಪ್ಪಿನ ಬಗ್ಗೆ ಒಂದು ಮಾತೂ ಇಲ್ಲ. ಎದ್ದವಳೇ ಅರ್ಧ ತುರಿದು ಬೆಲ್ಲ ಹಾಕಿ ಕಲಸಿ ಮೂರು ಪಾಲು ಮಾಡಿದಳು. ಸಾಕ್ಷಿಯನ್ನು ನಾವೇ ತಿಂದುಬಿಟ್ಟೆವು.

ಶಿವು ತಿನ್ನುತ್ತ, "ಕವರು ಬಂದಿದ್ದು ನಂಗೆ ಗೊತ್ತಿತ್ತು" ಎಂದ. "ಪೋಸ್ಟಾಫೀಸ್ನಾಗೆ ವಿಚಾರಿಸ್ದಾಗ ನಿಮ್ಮಕ್ಕ ಸೈನ್ ಹಾಕಿ ಈಸ್ಕೊಂಡ್ರಲ್ಲ ಅಂದ್ರು."

"ಮತ್ತೆ ಯಾಕ್ಲಾ ಕೇಳಲಿಲ್ಲ?"

"ಕೇಳಿದ್ರೆ ನೀನು ನಾಚ್ಕೊಂಡು ಕೊಟ್ಬುಡ್ತಿದ್ದೆ. ಆಮ್ಯಾಕೆ ಮೂರು ಜನ ಒಂದು ಮನೇಲಿ ಹೆಂಗಿರೋದು? ನೀನಾಗೇ ಕೊಡ್ಲಿ ಅಂತ ಕಾಯ್ತಿದ್ದೆ."

"ಕೊಡದೇ ಹೋಗಿದ್ರೆ?"

"ಅದನ್ನ ಯೋಚ್ನೆ ಮಾಡ್ಲಿಲ್ಲ ಕಣಕ್ಕಯ್ಯ."

ಕಾಯನ್ನು ಅವನೇ ಬದಲಾಯಿಸಿದ್ದನೇ ಎಂದೂ ಕೇಳಿದೆ. ಕವರು ಎಲ್ಲಿಟ್ಟಿದ್ದೀಯ ಎಂದೇ ಗೊತ್ತಿರಲಿಲ್ಲ ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದ. ಹಳೆಯ ಸರಕೆಲ್ಲ ಮಾರಿ ಆಗಿತ್ತು, ಮನೆಯಲ್ಲಿ ಒಣಗಿದ ಕಾಯಿ ಒಂದೂ ಇರಲಿಲ್ಲ. ತಿಪಟೂರಿನ ಹಳೇ ವ್ಯಾಪಾರಿಯೊಬ್ಬರು, ಮರದಲ್ಲೇ ಒಣಗಿರಬೇಕು ಬಿಡಮ್ಮ ಎಂದರು. ಆದರೆ ಅದರೊಳಗೆ ನೀರಿದ್ದದ್ದನ್ನು ನಾನೇ ಕೇಳಿದ್ದೆ. ಆ ಅಟ್ಟದ ಉಳಿದ ಕಾಯೆಲ್ಲ ಎಂದಿನಂತೆ ಹನ್ನೊಂದು ತಿಂಗಳು ತೆಗೆದುಕೊಂಡವು.

ದೇವರೆಂದು ಹೇಳಲು ಬಾಯಿ ಬರುವುದಿಲ್ಲ. ನನ್ನ ತಪ್ಪೇ ಕಿವಿಯಲ್ಲಿ ಸದ್ದು ಮಾಡಿತು ಎನ್ನೋಣವೆಂದರೆ ಕೊಬ್ಬರಿಯನ್ನು ಮೂವರೂ ತಿಂದಿದ್ದೇವೆ. ಓದಿದವರು ಯಾರಾದರೂ ತಿಳಿಸಿ ಹೇಳಿದರೆ ಕೇಳುತ್ತೇನೆ. ಆದರೆ ಆ ಮಧ್ಯಾಹ್ನ ಕೇಳಿಸಿದ್ದನ್ನು ಕೇಳಿಸಲಿಲ್ಲ ಎಂದು ಮಾತ್ರ ನಾನು ಹೇಳಲಾರೆ.