ಕಡಿಯದವಳಿಗೆ ಎಂತದೂ ಇಲ್ಲ

ಕಾರ್ಕಳದಿಂದ ಹೆಬ್ರಿಗೆ ಹೋಗುವ ದಾರಿಯಲ್ಲಿ ಎಡಕ್ಕೊಂದು ಮಣ್ಣಿನ ರಸ್ತೆ ಗುಡ್ಡ ಹತ್ತುತ್ತದೆ. ಅದರ ತುದಿಯಲ್ಲಿ ಅಕ್ಕತಂಗಿಯರ ಎರಡು ಮನೆ. ಅಕ್ಕ ಕುಶಲಾ, ತಂಗಿ ವಿನೋದಾ. ತಾಯಿ ತೀರಿಕೊಂಡ ಮೇಲೆ ಮನೆಯ ಹಿಂದಿನ ಹಾಡಿ, ಅಂದರೆ ಅವರದೇ ಪಟ್ಟಾ ಜಾಗದ ಆರು ಎಕರೆ ಕಾಡು, ಇಬ್ಬರಿಗೂ ಸಮಪಾಲಾಗಿತ್ತು. ನಡುವೆ ಮೊಣಕಾಲೆತ್ತರದ ಕೆಂಪುಕಲ್ಲಿನ ಗಡಿ.

ಆ ಗಡಿಯ ಹತ್ತಿರ ನಿಂತರೆ ವ್ಯತ್ಯಾಸ ಯಾರಿಗೂ ಕಾಣುತ್ತಿತ್ತು. ಕುಶಲಾಳ ಕಡೆ ಹೊನ್ನೆ, ಮತ್ತಿ, ಹೆಬ್ಬಲಸು, ರಾಂಪತ್ರೆ ಮರಗಳು ಒತ್ತಾಗಿ ಬೆಳೆದು ಮಧ್ಯಾಹ್ನವೂ ನೆಲಕ್ಕೆ ಬಿಸಿಲು ಬೀಳುತ್ತಿರಲಿಲ್ಲ. ವಿನೋದಾಳ ಕಡೆ ಅಲ್ಲಲ್ಲಿ ಆಕಾಶ ಕಾಣುತ್ತಿತ್ತು. ಎರಡು ಮೂರು ವರ್ಷಕ್ಕೊಮ್ಮೆ ಅವಳು ಪರವಾನಗಿ ಮಾಡಿಸಿ, ಕಾರ್ಕಳದ ಮರದ ವ್ಯಾಪಾರಿ ಲಿಡ್ವಿನ್‌ನನ್ನು ಕರೆಸಿ ನಾಲ್ಕೈದು ಮರ ಕೊಡುತ್ತಿದ್ದಳು. ಗರಗಸದ ಸದ್ದು ಕೇಳಿದ ದಿನ ಕುಶಲಾ ಕಿಟಕಿ ಮುಚ್ಚಿಕೊಂಡು ಕೂರುವಳು. ಹಾಲಿನ ಡೈರಿಯಲ್ಲಿ ಯಾರಾದರೂ, "ನಿಮ್ಮ ಹಾಡಿ ನೋಡಿದರೆ ಕಣ್ಣು ತಂಪಾಗ್ತದೆ ಕುಶಲಕ್ಕ" ಎಂದರೆ, "ನನಗೆ ಕಡಿಲಿಕ್ಕೆ ಮನಸ್ಸು ಬರುವುದಿಲ್ಲ ಮಾರಾಯ್ರೆ" ಎನ್ನುವಳು. ವಿನೋದಾ ಅಲ್ಲೇ ಕ್ಯಾನು ಹಿಡಿದು ನಿಂತಿದ್ದರೂ ಹಾಗೆಯೇ ಹೇಳುವಳು.

ಕುಶಲಾಳಿಗೆ ಐವತ್ತನಾಲ್ಕು ವರ್ಷ. ಗಂಡ ಭುಜಂಗ ಬಹ್ರೇನಿನ ಹೋಟೆಲೊಂದರಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿ ಊರಿಗೆ ಮರಳಿದ್ದ. ಮಕ್ಕಳಿಲ್ಲ. ಅವನು ದೂರವಿದ್ದಷ್ಟು ಕಾಲವೂ ಅವಳಿಗೆ ಹಾಡಿಯೇ ಸಂಗಾತಿ. ಯಾವ ಮರ ಯಾವ ತಿಂಗಳು ಹೂ ಬಿಡುತ್ತದೆ, ಯಾವುದರ ಬುಡದಲ್ಲಿ ಹಂದಿ ಮಲಗುತ್ತದೆ ಎಂಬುದೆಲ್ಲ ಬಾಯಿಪಾಠ. ಊರಲ್ಲಿ ಅವಳಿಗೆ ಸಿಕ್ಕಿದ್ದ ಹೆಸರು ಅದೊಂದೇ, ಮರ ಕಡಿಯದವಳು ಎಂದು.

ಮೂರು ವರ್ಷಗಳ ಹಿಂದೆ ಮಣಿಪಾಲದಲ್ಲಿ ಕಚೇರಿ ಮಾಡಿದ್ದ ಒಂದು ಸಂಸ್ಥೆಯವರು ಊರಿನ ಶಾಲೆಯಲ್ಲಿ ಸಭೆ ಕರೆದರು. ಗಾನವಿ ಎಂಬ ತರುಣಿ ಪರದೆಯ ಮೇಲೆ ಚಿತ್ರ ತೋರಿಸಿ ವಿವರಿಸಿದಳು. ಮರ ಕಡಿದಾಗ ಅದರೊಳಗಿನ ಇಂಗಾಲ ಗಾಳಿಗೆ ಸೇರುತ್ತದೆ. ಹಾಗಾಗದಿರಲಿ ಎಂದು ಯುರೋಪಿನ ಕೆಲವು ದೇಶಗಳು ನಮ್ಮಂಥ ದೇಶಗಳಿಗಾಗಿ ಒಂದು ನಿಧಿ ಮಾಡಿವೆ. ಕಾಡು ಉಳಿಸಿದವರಿಗೆ ಅದರಿಂದ ವರ್ಷಕ್ಕೊಮ್ಮೆ ಹಣ.

ಕುಶಲಾ ಮುಂದಿನ ಬೆಂಚಿನಲ್ಲಿ ಸೀರೆಯ ಸೆರಗು ಸರಿಮಾಡಿಕೊಂಡು ಕೂತಿದ್ದಳು. ತನ್ನ ಹೆಸರನ್ನೇ ಮೊದಲು ಕರೆಯುತ್ತಾರೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ತಿಂಗಳ ನಂತರ ಪಟ್ಟಿ ಬಂತು. ವಿನೋದಾಳ ಹೆಸರಿತ್ತು, ಕುಶಲಾಳದ್ದು ಇರಲಿಲ್ಲ. ಬರೆಯುವಾಗ ಅಕ್ಕತಂಗಿ ಅದಲುಬದಲಾಗಿರಬೇಕು ಎಂದುಕೊಂಡು ಅವಳು ಬಸ್ಸು ಹತ್ತಿ ಮಣಿಪಾಲಕ್ಕೇ ಹೋದಳು.

"ತಪ್ಪಾಗಿಲ್ಲ ಅಕ್ಕ" ಎಂದಳು ಗಾನವಿ. "ಕಡಿಯುವುದು ಎಷ್ಟು ಕಡಿಮೆಯಾಯ್ತು ಅಂತ ನೋಡಿ ಕೊಡುವ ಹಣ ಇದು. ನಿಮ್ಮ ತಂಗಿ ಕಡಿಯುತ್ತಿದ್ದರು, ಇನ್ನು ಕಡಿಯುವುದಿಲ್ಲ ಅಂತ ಒಪ್ಪಿದ್ದಾರೆ. ನಿಮ್ಮ ಕಾಡಿಗೆ ಅಪಾಯವೇ ಇಲ್ಲ. ಕಳೆದ ಹತ್ತು ವರ್ಷದ ಉಪಗ್ರಹದ ಚಿತ್ರ ನೋಡಿದ್ದೇವೆ, ಒಂದು ಮರವೂ ಹೋಗಿಲ್ಲ."

"ಹೋಗಿಲ್ಲ ಅಂತ ನೀವೇ ಹೇಳ್ತೀರಲ್ಲ?"

"ಹೌದು. ಹೋಗದೆ ಇದ್ದರೆ ಕಡಿಮೆ ಮಾಡ್ಲಿಕ್ಕೆ ಎಂತ ಉಂಟು?"

"ಹಾಗಾದರೆ ನಾನೂ ಕಡಿಯಬೇಕಿತ್ತಾ?"

ಗಾನವಿ ಎದ್ದು ಕುಡಿಯಲು ನೀರು ಕೊಟ್ಟಳು.

ಅಂದಿನಿಂದ ಕುಶಲಾಳ ಕಣ್ಣು ತಂಗಿಯ ಮನೆಯ ಮೇಲೆಯೇ. ಮನೆಯ ಮಾಡಿಗೆ ಹೊಸ ಶೀಟು ಹೊದಿಸಿದ್ದು ಕಂಡಿತು. ವಿನೋದಾಳ ಮಗಳು ಆಶ್ರಿತಾ ಮಣಿಪಾಲದಲ್ಲಿ ನರ್ಸಿಂಗ್ ಓದುತ್ತಿದ್ದಳು. ಅವಳು ಸ್ಕೂಟರಿನಲ್ಲಿ ಮನೆಗೆ ಬಂದದ್ದೂ ಕಂಡಿತು. ಭುಜಂಗ ಊಟಕ್ಕೆ ಕೂತಾಗ, "ನೋಡಿದಿರಾ, ಕಡಿದವಳಿಗೆ ಸ್ಕೂಟರು" ಎಂದಳು. ಅವನು ನಕ್ಕು, "ಹಳೇ ಸ್ಕೂಟರು ಅದು. ನಮಗೆಂತ ಕಡಿಮೆ ಆಗಿದೆ ಮಾರಾಯ್ತಿ?" ಎಂದ. ಹಣದ ಆಸೆಯಾಗಿದ್ದರೆ ಆ ಮಾತಿನಿಂದ ಸಮಾಧಾನವಾಗುತ್ತಿತ್ತೋ ಏನೋ. ಅವಳಿಗೆ ಬೇಕಿದ್ದದ್ದು ಹಣವಲ್ಲ. ತನ್ನ ಹೆಸರು ತಂಗಿಯ ಪಾಲಾದದ್ದು ಅವಳನ್ನು ಒಳಗಿನಿಂದ ಸುಡುತ್ತಿತ್ತು.

ಅದಾದ ಮೇಲೆ ನಿಧಿಯ ಕಡೆಯ ಇಬ್ಬರು ವಿದೇಶಿಯರು ಬಂದರು. ಕಾಪುವಿನ ಕಡಲತೀರದಲ್ಲಿ ಉಳಿದುಕೊಂಡು, ಬೆಳಗ್ಗೆ ಕಾರಿನಲ್ಲಿ ಗುಡ್ಡ ಹತ್ತಿದರು. ವಿನೋದಾ ಎಳನೀರು ಕೊಟ್ಟಳು. ಫೋಟೋ ತೆಗೆಯುವಾಗ ಅವಳ ಹಾಡಿಯಲ್ಲಿ ಬಿಸಿಲು ಜೋರಾಯಿತೆಂದು ಫೋಟೋದವನು ಎಲ್ಲರನ್ನೂ ಗಡಿಕಲ್ಲು ದಾಟಿಸಿ ಕುಶಲಾಳ ಹೊನ್ನೆ ಮರದ ಕೆಳಗೆ ನಿಲ್ಲಿಸಿದ. ಕುಶಲಾ ತರಗೆಲೆಯ ಬುಟ್ಟಿ ಹಿಡಿದು ನೋಡುತ್ತ ನಿಂತಳು. ವಾರದ ಮೇಲೆ ಪತ್ರಿಕೆಯಲ್ಲಿ ಆ ಚಿತ್ರ ಬಂತು. ಕೆಳಗೆ 'ತಾವು ಉಳಿಸಿದ ಕಾಡಿನಲ್ಲಿ ವಿನೋದಾ' ಎಂದಿತ್ತು.

ಅವತ್ತು ಕುಶಲಾ ಲಿಡ್ವಿನ್‌ಗೆ ಫೋನು ಮಾಡಿದಳು. ಅವನು ಬಂದು ಹೊನ್ನೆಯ ಸುತ್ತ ಎರಡು ಸಲ ನಡೆದ. "ನಿಜವಾಗಿ ಕೊಡ್ತೀರಾ ಕುಶಲಕ್ಕ? ನಿಮ್ಮ ಬಾಯಿಂದ ಈ ಮಾತು ಕೇಳ್ತೇನೆ ಅಂತ ಎಣಿಸಿರಲಿಲ್ಲ" ಎಂದ. ಹಾಗೆ ಅವನು ಅನ್ನದೆ ಇದ್ದಿದ್ದರೆ ಕೊಟ್ಟೇಬಿಡುತ್ತಿದ್ದಳೇನೋ. "ಸುಮ್ಮನೆ ಕ್ರಯ ಕೇಳಿದ್ದು" ಎಂದು ಚಹಾ ಕುಡಿಸಿ ಕಳಿಸಿದಳು.

ಗಾನವಿಗೂ ಮನಸ್ಸಿನಲ್ಲಿ ಒಂದು ಅಳುಕಿತ್ತು. ಮರಗಳನ್ನು ಅಳೆಯಲು ಊರಿನವರೇ ಬೇಕಾದಾಗ ಅವಳು ಮೊದಲು ಕೇಳಿದ್ದು ಕುಶಲಾಳನ್ನು. ಕೆಲಸ ಕಷ್ಟದ್ದಲ್ಲ. ನಂಬರಿನ ಬಿಲ್ಲೆ ಹೊಡೆದ ಪ್ರತಿ ಮರಕ್ಕೂ ಎದೆಮಟ್ಟದಲ್ಲಿ ಟೇಪು ಸುತ್ತಿ ಅಳತೆಯನ್ನು ಮೊಬೈಲಿನಲ್ಲಿ ತುಂಬಬೇಕು, ಫೋಟೋ ಹಾಕಬೇಕು. ಒಂದೇ ವಾರದಲ್ಲಿ ಕುಶಲಾ ಓದಿದ ಹುಡುಗರಿಗಿಂತ ಚುರುಕಾದಳು. ಎರಡನೆಯ ವರ್ಷದ ತಪಾಸಣೆ ಬಂದಾಗ, "ನನ್ನ ತಂಗಿಯ ಹಾಡಿ ನನಗೇ ಕೊಡಿ. ಅಲ್ಲಿನ ಮರಗಳೆಲ್ಲ ನನಗೆ ಪರಿಚಯ" ಎಂದಳು. ಜನ ಸಾಲದ್ದರಿಂದ ಗಾನವಿ ಒಪ್ಪಿದಳು.

ಡಿಸೆಂಬರಿನ ಒಂದು ಬೆಳಗ್ಗೆ ಟೇಪು ಹಿಡಿದು ಗಡಿ ದಾಟಿದಳು. ನೂರ ಹದಿಮೂರರವರೆಗೆ ಎಲ್ಲವೂ ಸರಿಯಿತ್ತು. ನೂರ ಹದಿನಾಲ್ಕನೆಯ ಮರ ಸಿಗಲಿಲ್ಲ. ಅದೊಂದು ಮತ್ತಿ, ಮನೆಯ ಹಿಂಬದಿಗೆ ಹತ್ತಿರದ್ದು. ಇರಬೇಕಾದ ಜಾಗದಲ್ಲಿ ತರಗೆಲೆಯ ರಾಶಿ. ಕಾಲಿನಿಂದ ಸರಿಸಿದರೆ ಕೆಳಗೆ ಬುಡ. ಕೊಯ್ದ ಗಾಯ ಇನ್ನೂ ಕೆಂಪಗಿತ್ತು.

ಕುಶಲಾಳಿಗೆ ಮೊದಲು ಆದದ್ದು ಖುಷಿ. ಎಷ್ಟೋ ತಿಂಗಳಿನಿಂದ ಕಟ್ಟಿಕೊಂಡಿದ್ದ ಉಸಿರು ಬಿಟ್ಟ ಹಾಗೆ. ಬುಡದ ಫೋಟೋ ತೆಗೆದಳು, ಇನ್ನೂ ಹತ್ತಿರದಿಂದ ಎರಡನೆಯ ಸಲ ತೆಗೆದಳು. ಅಷ್ಟರಲ್ಲಿ ವಿನೋದಾ ಬೆಲ್ಲ, ನೀರು ಹಿಡಿದು ಬಂದಳು.

"ಬಿಸಿಲಿಗೆ ಬಂದಿದ್ದಿ. ಕುಡಿ ಅಕ್ಕ" ಎಂದವಳು ಸರಿಸಿದ ತರಗೆಲೆ ನೋಡಿ ನೀರಿನ ಚೊಂಬು ಕೆಳಗಿಟ್ಟಳು. "ಎಂತ ಬರೆದೆ?" ಎಂದು ಕೇಳಿದಳು.

"ಇದ್ದದ್ದನ್ನು."

ತಂಗಿಯ ಎದುರಿಗೇ ಕುಶಲಾ ಗುಂಡಿ ಒತ್ತಿದಳು. ವರದಿ ಹೋಯಿತು. ಬೆಲ್ಲ ಮುಟ್ಟದೆ ಮನೆಗೆ ಬಂದಳು.

ಆ ವರ್ಷ ವಿನೋದಾಳ ಹಣ ತಡೆಹಿಡಿದರು. ಹಾಡಿಯ ಬಾಯಲ್ಲಿ ಸಂಸ್ಥೆಯವರು ನೆಟ್ಟಿದ್ದ ಬೋರ್ಡು ಕಿತ್ತುಕೊಂಡು ಹೋದರು. ಡೈರಿಯಲ್ಲಿ ಜನ ಮತ್ತೆ ಕುಶಲಾಳನ್ನು ಹೊಗಳಿದರು. ಆದರೆ ಅವಳು ಅಲ್ಲಿ ನಿಲ್ಲದೆ ಮನೆಗೆ ಬರುತ್ತಿದ್ದಳು. ತಂಗಿ ಬಂದು ಜಗಳ ಮಾಡುತ್ತಾಳೆ ಎಂದು ಅವಳು ಕಾದಳು, ಹೇಳಬೇಕಾದ ಉತ್ತರಗಳನ್ನೂ ಸಿದ್ಧಮಾಡಿಟ್ಟುಕೊಂಡಳು. ವಿನೋದಾ ಬರಲಿಲ್ಲ. ಹತ್ತು ದಿನ ಕಳೆದ ಮೇಲೆ ತಡೆಯಲಾರದೆ ಕುಶಲಾಳೇ ಹೋದಳು.

ವಿನೋದಾ ಹಿಂಬದಿಯ ಜಗಲಿಯಲ್ಲಿ ಮೀನು ಹೆರೆಯುತ್ತಿದ್ದಳು. "ಕೂತುಕೋ" ಎಂದಳು, ತಲೆ ಎತ್ತದೆ.

"ನಾನು ಸುಳ್ಳು ಬರೆದಿಲ್ಲ" ಎಂದಳು ಕುಶಲಾ.

"ನೀನು ಸುಳ್ಳು ಬರೆದದ್ದು ಅಂತ ಯಾರು ಹೇಳಿದ್ದು? ಆ ಮತ್ತಿ ಮಳೆಗಾಲದಲ್ಲಿ ಬೇರು ಸಡಿಲಾಗಿ ಮಾಡಿನ ಮೇಲೆ ವಾಲಿತ್ತು. ಕಚೇರಿಗೆ ಹೇಳಿ ಕಡಿಸಬೇಕಿತ್ತು. ಹೇಳಿದರೆ ಎಂತ ಆಗ್ತದೋ ಅಂತ ಹೆದರಿ ಹೇಳಲಿಲ್ಲ, ನೀನು ಅಳತೆಗೆ ಹೋದ ದಿನ ಕಡಿಸಿಬಿಟ್ಟೆ. ತಪ್ಪು ನನ್ನದೇ." ಕತ್ತಿ ಪಕ್ಕಕ್ಕಿಟ್ಟಳು. "ಆದರೆ ಬರೆಯುವಾಗ ನಿನ್ನ ಮುಖ ನೋಡಿದೆ ಅಕ್ಕ. ನಿನಗೆ ಸಂತೋಷ ಆಗಿತ್ತು."

ಕುಶಲಾ ಜಗಲಿಯ ಅಂಚಿನಲ್ಲಿ ಕೂತಳು.

"ಹೌದು" ಎಂದಳು. "ಹೊಟ್ಟೆಕಿಚ್ಚು. ಪಟ್ಟಿ ಬಂದ ದಿನದಿಂದ."

"ನಿನ್ನದು ಎರಡು ವರ್ಷದ್ದು. ನನ್ನದು ಎಷ್ಟು ವರ್ಷದ್ದು ಗೊತ್ತುಂಟಾ?" ವಿನೋದಾಳ ಧ್ವನಿ ಏರಲಿಲ್ಲ. "ಆಶ್ರಿತಾಳ ಅಪ್ಪ ಮೂರು ವರ್ಷ ಆಸ್ಪತ್ರೆಗೆ ಅಲೆದರು. ಮೊದಲು ಹೋದದ್ದು ಹೆಬ್ಬಲಸು. ಅವರು ತೀರಿಹೋದ ಮೇಲೆ ಇವಳ ಶಾಲೆಗೆ ಎರಡು ಹೊನ್ನೆ. ಪ್ರತಿ ಸಲ ಗರಗಸ ಬಂದಾಗ ನೀನು ಕಿಟಕಿ ಹಾಕಿಕೊಳ್ತಿದ್ದೆ. ನಾನು ಕಿಟಕಿ ಹಾಕಿ ಎಲ್ಲಿಗೆ ಹೋಗುವುದು? ನಿನಗೆ ತಿಂಗಳು ತಿಂಗಳು ಬಹ್ರೇನಿನಿಂದ ಬರ್ತಿತ್ತು. ಹಾಡಿಯನ್ನು ಉಳಿಸಿದ್ದು ನೀನು ಅಂತ ಊರು ಹೇಳ್ತದೆ. ನಾನು ಡೈರಿಯಲ್ಲಿ ಕ್ಯಾನು ಹಿಡಿದು ಕೇಳಿಕೊಂಡು ನಿಂತಿರ್ತಿದ್ದೆ."

ಕುಶಲಾ ತನ್ನ ಬಳಿ ಬಂದು ಕೇಳಬಹುದಿತ್ತಲ್ಲ ಎನ್ನಬೇಕೆಂದುಕೊಂಡಳು. ಕೇಳದೆಯೇ ಕೊಡಬಹುದಿತ್ತು ಎಂದೂ ಹೊಳೆಯಿತು. ಕೊನೆಗೆ ಒಂದು ಚೂರಿ ಎತ್ತಿಕೊಂಡು ಉಳಿದ ಮೀನು ಶುಚಿ ಮಾಡತೊಡಗಿದಳು.

ಮರುದಿನ ಮಣಿಪಾಲಕ್ಕೆ ಹೋಗಿ ಗಾನವಿಯ ಎದುರು ಕೂತಳು. "ವರದಿ ಬದಲಿಸಲಿಕ್ಕೆ ಬಂದದ್ದಲ್ಲ. ಮರ ಕಡಿದದ್ದು ಹೌದು. ಅದು ಮನೆಯ ಮೇಲೆ ವಾಲಿದ್ದೂ ಹೌದು, ಮಾಡಿನ ಮೇಲೆ ತರಚಿದ ಗುರುತು ಈಗಲೂ ಉಂಟು. ನಾನು ಅವತ್ತೇ ನೋಡಿಯೂ ಬರೆಯಲಿಲ್ಲ. ಅದನ್ನೂ ಸೇರಿಸಿ. ಇನ್ನು ಮೇಲೆ ತಂಗಿಯ ಹಾಡಿ ಬೇರೆಯವರು ಅಳೆಯಲಿ."

"ನೋಡಿಯೂ ಯಾಕೆ ಬರೆಯಲಿಲ್ಲ ಅಕ್ಕ?"

"ಬರೆಯಲಿಕ್ಕೆ ಮನಸ್ಸಿರಲಿಲ್ಲ."

ಗಾನವಿ ಸ್ಥಳಕ್ಕೆ ಬಂದು ನೋಡಿ ಹೊಸ ಟಿಪ್ಪಣಿ ಕಳಿಸಿದಳು. ತಡೆಹಿಡಿದ ಹಣ ಸಿಗಲಿಲ್ಲ. ಅಪಾಯದ ಮರವೆಂದು ಒಪ್ಪಿ ವಿನೋದಾಳನ್ನು ಪಟ್ಟಿಯಲ್ಲಿ ಉಳಿಸಿಕೊಂಡರು. ಆಶ್ರಿತಾಳ ಆ ವರ್ಷದ ಶುಲ್ಕವನ್ನು ಭುಜಂಗ ಕಟ್ಟಿದ. ಅದು ಕುಶಲಾಳ ಹಟ. ಬೇಡವೆನ್ನುತ್ತಲೇ ವಿನೋದಾ ಒಪ್ಪಿದಳು. ಕಡಿಯದವರಿಗೂ ಏನಾದರೂ ಸಿಗುವ ಹಾಗೆ ನಿಯಮ ಬದಲಾಗಬಹುದು ಎಂದು ಗಾನವಿ ಆಗಾಗ ಹೇಳುತ್ತಾಳೆ. ಇನ್ನೂ ಬದಲಾಗಿಲ್ಲ.

ಕುಶಲಾ ಈಗ ಹೆಬ್ರಿಯ ಕಡೆಯ ಹಳ್ಳಿಗಳಲ್ಲಿ ಮರ ಅಳೆಯುತ್ತಾಳೆ. ಹೊಸ ಹುಡುಗಿಯರಿಗೆ ಟೇಪು ಹಿಡಿಯುವುದನ್ನು ಕಲಿಸುತ್ತಾಳೆ. ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ಮೊನ್ನೆ ಉಡುಪಿಯ ಸಭೆಯಲ್ಲಿ ವಿನೋದಾಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿದಾಗ ಕೆಳಗೆ ಕೂತಿದ್ದ ಅವಳ ಎದೆ ಮತ್ತೆ ಚುರ್ರೆಂದಿತು. ಊರಿಗೆ ಮರಳುವ ಬಸ್ಸಿನಲ್ಲಿ ಅದನ್ನು ತಂಗಿಗೆ ಹೇಳಿಯೇಬಿಟ್ಟಳು.

"ಆಗುವುದೇ ಅಲ್ವಾ" ಎಂದಳು ವಿನೋದಾ. "ಮೊನ್ನೆ ಆ ಹುಡುಗಿಯರೆಲ್ಲ ನಿನ್ನನ್ನು ಟೀಚರ್ ಅಂತ ಕರೆದಾಗ ನನಗೂ ಆಯ್ತು."