ತಿಳಿಬೂದು ಅಕ್ಷರದ ಸೂಚನೆ

“ಖಾಲಿ ಹೊಟ್ಟೇಲಿ ಬರ್ಬೇಕೂಂತ ಇದ್ರಲ್ಲಿ ಎಲ್ಲಿ ಬರ್ದಿದೆ, ಸ್ವಲ್ಪ ತೋರ್ಸಮ್ಮ,” ಎನ್ನುತ್ತ ಆ ಹಿರಿಯರು ಮೊಬೈಲನ್ನು ನನ್ನ ಮುಂದೆ ಹಿಡಿದರು. ಅಮ್ಮನ ರಿಪೋರ್ಟ್ ತರಲು ಮೈಲಾಪೂರಿನ ಸ್ಕ್ಯಾನ್ ಸೆಂಟರಿಗೆ ಹೋಗಿದ್ದ ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಅವರ ಕಿವಿಗೆ ಬಿದ್ದಿತ್ತು. ಹೊಟ್ಟೆನೋವಿನ ಹೆಂಡತಿಯನ್ನು ನಗರದ ಉತ್ತರ ತುದಿಯ ತಿರುವೊಟ್ಟಿಯೂರಿನಿಂದ ಎರಡು ಬಸ್ ಹತ್ತಿಸಿ ಕರೆತಂದಿದ್ದರು. ಆಕೆ ಇಡ್ಲಿ ತಿಂದು ಬಂದಿದ್ದರಿಂದ ಸ್ಕ್ಯಾನ್ ಆಗುವುದಿಲ್ಲ, ಸೋಮವಾರ ಬನ್ನಿ ಎಂದು ಕೌಂಟರಿನವರು ಹೇಳಿಬಿಟ್ಟಿದ್ದರು.

ಸೆಂಟರಿನ ವೆಬ್‌ಸೈಟಿನಲ್ಲಿ ಸೂಚನೆ ಇತ್ತು. ಕೆನೆಬಣ್ಣದ ಹಿನ್ನೆಲೆಯ ಮೇಲೆ ತಿಳಿಬೂದು ಅಕ್ಷರ. ಆ ಸೈಟನ್ನು ವಿನ್ಯಾಸ ಮಾಡಿ, ಆ ಬಣ್ಣಗಳನ್ನು ಆರಿಸಿದವಳು ನಾನೇ. ಅಕ್ಷರ ಮಸುಕಾಯಿತು ಎಂದ ಸಹೋದ್ಯೋಗಿಗೆ, ನೋಡಲು ಇದೇ ಚೆಂದ ಎಂದು ವಾದಿಸಿದ್ದೆ.

ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. “ಇದೆ ಕಣೇ. ನನ್ ಕಣ್ಣೇ ಸರಿ ಇಲ್ಲ, ತಪ್ಪು ನಂದೇ,” ಎಂದು ಹೆಂಡತಿಗೆ ಹೇಳಿ, ನನಗೆ ಕೈಮುಗಿದರು. ಆಕೆ ಹೊಟ್ಟೆ ಹಿಡಿದುಕೊಂಡೇ ಎದ್ದು ಬಸ್ಸಿಗೆ ಹೊರಟರು.

ಅಂದೇ ಹಿನ್ನೆಲೆಯನ್ನು ಬಿಳಿ ಮಾಡಿ, ಅಕ್ಷರಗಳನ್ನು ಕಪ್ಪಾಗಿಸಿದೆ. ಅದಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ತಪ್ಪು ನಿಮ್ಮದಲ್ಲ, ನನ್ನದು ಎಂದು ಅವರಿಗೆ ಹೇಳಲು ಮಾತ್ರ ನನಗೆ ಬಾಯಿ ಬರಲಿಲ್ಲ.